ಧೂಳೂ ಬೆಟ್ಟವಾಗುತ್ತೆ

"ತಿಕ್ಕುಲ್ ಮೊಆ ತೇಸಾನ್." ಇದು ಕೊರಿಯಾದ ಗಾದೆ. ತಿಕ್ಕುಲ್ ಅಂದ್ರೆ ಧೂಳಿನ ಕಣ, ಮೊಆ ಅಂದ್ರೆ ಕೂಡಿಸಿ, ತೇಸಾನ್ ಅಂದ್ರೆ ಮಹಾಪರ್ವತ. ಧೂಳು ಕೂಡಿಟ್ಟರೆ ಬೆಟ್ಟ!

ಕಡೂರು, ತರೀಕೆರೆ, ಅಜ್ಜಂಪುರದವರಿಗೆ ಈ ಮಾತು ಹೊಸದಲ್ಲ. ನಮ್ಮ ಗಾದೆಯೂ ಇದನ್ನೇ ಹೇಳುತ್ತೆ: ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ಬಳ್ಳ ಅಂದ್ರೆ ಕಾಳು ಅಳೆಯುವ ಹಳೇ ಅಳತೆ. ಕೊರಿಯಾದವರು ಬೆಟ್ಟ ಕಂಡರು, ನಾವು ನೀರು, ಕಾಳು ಕಂಡೆವು. ನನಗಂತೂ ನಮ್ಮದೇ ಹೆಚ್ಚು ಇಷ್ಟ.

ಸಖರಾಯಪಟ್ಟಣದ ಅಯ್ಯನಕೆರೆ ನೋಡಿ, ಗಿರಿಯಿಂದ ಇಳಿದ ಹನಿಗಳನ್ನೇ ಕೂಡಿಟ್ಟು ಗದ್ದೆಗೆ ಹರಿಸುತ್ತೆ.

ಅಜ್ಜಿಯ ಸಾಸಿವೆ ಡಬ್ಬಿಯೂ ಹಾಗೇ. ತಳದಲ್ಲಿ ನಾಲ್ಕು ಮಡಿಕೆಯ 10 ರೂಪಾಯಿ ನೋಟು, ಅದಕ್ಕಂಟಿದ ಎರಡು ಕಾಳು. ಶಾಲೆ ಶುರುವಾದಾಗ ನೋಟ್‌ಬುಕ್ಕಿಗೆ ಹೊರಬರುತ್ತಿದ್ದದ್ದು ಅದೇ.

ಇವತ್ತೇ 10 ರೂಪಾಯಿ ತೆಗೆದಿಡಿ. ನಿಮ್ಮನೆಯ ಡಬ್ಬಿ ಯಾವುದು, ಕಾಮೆಂಟಲ್ಲಿ ಹೇಳಿ.