ಹುಲ್ಲಿನ ಮಿಷನ್ ಯಾಕೆ ನಿಲ್ಲುತ್ತೆ?

ಮಳೆಗಾಲ ಬಂತು. ಯಲಹಂಕದ ಪಾರ್ಕಿನಲ್ಲಿ ಹುಲ್ಲು ಮೊಣಕಾಲುದ್ದ ಬೆಳೆಯಿತು. ಹೆಬ್ಬಾಳ, ಆರ್.ಟಿ. ನಗರದ ಕಡೆಯೂ ಹಾಗೇ. ಪಾರ್ಕು, ಅಪಾರ್ಟ್‌ಮೆಂಟು, ಶಾಲೆಯ ಮೈದಾನ ಎಲ್ಲ ಕಡೆ ಹುಲ್ಲು ಕತ್ತರಿಸುವ ಕೆಲಸ. ಈ ಕೆಲಸ ನಮ್ಮಂಥ ಹೆಂಗಸರಿಗೂ ಸಿಗುತ್ತದೆ. ಮೊದಲು ಕುಡುಗೋಲು ಹಿಡಿದು, ಬಗ್ಗಿ ಕೊಯ್ಯುತ್ತಿದ್ದೆವು. ಸಂಜೆಗೆ ಸೊಂಟ ಹಿಡಿಯುತ್ತಿತ್ತು. ಈಗ ನಮ್ಮ ಗುಂಪಿನಲ್ಲಿ ಪೆಟ್ರೋಲ್ ಹಾಕಿ ತಳ್ಳುವ ಮಿಷನ್ ಇದೆ.

ಒಂದು ದಿನ ಏನಾಯಿತು ಗೊತ್ತಾ? ಮಿಷನ್ ಹತ್ತು ನಿಮಿಷ ಓಡಿತು. ಆಮೇಲೆ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಹಗ್ಗ ಎಳೆದೆವು. ಓಡಿತು. ಮತ್ತೆ ನಿಂತಿತು. ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆವು.

"ಎಂಜಿನ್ ಹೋಗಿರಬೇಕು ಕಣಮ್ಮ. ಬಿಚ್ಚಿ ನೋಡಬೇಕು. ತಂದು ಬಿಡಿ, ನಾಲ್ಕು ದಿನ ಆಗುತ್ತೆ" ಅಂದರು.

ನಾಲ್ಕು ದಿನ ಅಂದರೆ ನಾಲ್ಕು ದಿನದ ಕೂಲಿ. ಅದರ ಮೇಲೆ ರಿಪೇರಿ ಖರ್ಚು. ಎಲ್ಲರ ಮುಖ ಬಾಡಿತು.

ನಮ್ಮಲ್ಲಿ ಹಿರಿಯ ಅಕ್ಕ ಒಬ್ಬರಿದ್ದಾರೆ. "ತಡೀರಮ್ಮ" ಅಂದರು. ಎಂಜಿನ್ ಆರಿದ ಮೇಲೆ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿದರು. ಉಸ್ ಅಂತ ಸದ್ದು ಬಂತು. ಮುಚ್ಚಳದಲ್ಲಿ ಸಣ್ಣ ತೂತು ಇತ್ತು. ಅದರಲ್ಲಿ ಮಣ್ಣು ತುಂಬಿತ್ತು. ಒರೆಸಿ, ಊದಿ, ಮುಚ್ಚಳ ಹಾಕಿದರು. ಹಗ್ಗ ಎಳೆದೆವು. ಸಂಜೆ ತನಕ ಮಿಷನ್ ನಿಲ್ಲಲಿಲ್ಲ. ಒಂದು ಪೈಸೆಯೂ ಖರ್ಚಾಗಲಿಲ್ಲ.

ಅವತ್ತು ನಾವು ಒಂದು ಪಾಠ ಕಲಿತೆವು. ನಿಂತ ಎಂಜಿನ್ ಎಲ್ಲ ಕೆಟ್ಟ ಎಂಜಿನ್ ಅಲ್ಲ.

ಎಂಜಿನ್ನಿಗೆ ಏನು ಬೇಕು?

ಒಲೆ ಉರಿಯಲು ಏನು ಬೇಕು? ಸೌದೆ ಬೇಕು. ಗಾಳಿ ಬೇಕು. ಬೆಂಕಿಕಡ್ಡಿ ಬೇಕು. ಎಂಜಿನ್ನಿಗೂ ಹಾಗೇ ಮೂರು ಬೇಕು. ಪೆಟ್ರೋಲ್ ಅದರ ಸೌದೆ. ಫಿಲ್ಟರಿನಿಂದ ಗಾಳಿ ಬರುತ್ತದೆ. ಪ್ಲಗ್ ಕಿಡಿ ಕೊಡುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಎಂಜಿನ್ ನಿಲ್ಲುತ್ತದೆ. ಯಾವುದು ತಪ್ಪಿದೆ ಎಂದು ಒಂದೊಂದಾಗಿ ನೋಡಬೇಕು. ಖರ್ಚಿಲ್ಲದ್ದನ್ನು ಮೊದಲು ನೋಡಬೇಕು.

ಮುಟ್ಟುವ ಮೊದಲು ಜೋಪಾನ

ಎಂಜಿನ್ ಆಫ್ ಮಾಡಿ. ಪ್ಲಗ್ಗಿನ ಮೇಲಿನ ಟೋಪಿ ಕಿತ್ತು ಪಕ್ಕಕ್ಕೆ ಇಡಿ. ಆಗ ಕಿಡಿ ಬರುವುದಿಲ್ಲ, ಬ್ಲೇಡು ತಟ್ಟನೆ ತಿರುಗುವುದಿಲ್ಲ. ಎಂಜಿನ್ ಬಿಸಿ ಇರುವಾಗ ಪೆಟ್ರೋಲ್ ಹಾಕಬೇಡಿ. ಹತ್ತಿರ ಬೀಡಿ, ಬೆಂಕಿ ಬೇಡ. ಸೆರಗು, ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬೇಡಿ. ಅದರ ಹೊಗೆಯಲ್ಲಿ ವಿಷದ ಗಾಳಿ ಇದೆ. ಆ ಗಾಳಿಗೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಅದು ಜೀವ ತೆಗೆಯುತ್ತದೆ.

ಮುಚ್ಚಳದ ತೂತು

ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿ ನೋಡಿ. ಎಣ್ಣೆ ಗುಳುಗುಳು ಅಂತ ನಿಂತು ನಿಂತು ಬೀಳುತ್ತದೆ. ಇನ್ನೊಂದು ತೂತು ಮಾಡಿದರೆ ಸಲೀಸಾಗಿ ಬೀಳುತ್ತದೆ. ಯಾಕೆ? ಎಣ್ಣೆ ಹೊರಗೆ ಬರಲು ಗಾಳಿ ಒಳಗೆ ಹೋಗಬೇಕು. ಪೆಟ್ರೋಲ್ ಟ್ಯಾಂಕಿಗೂ ಇದೇ ನಿಯಮ. ಮುಚ್ಚಳ ಸಡಿಲ ಮಾಡಿದಾಗ ಎಂಜಿನ್ ಸರಿಯಾಗಿ ಓಡಿದರೆ ತೂತು ಮುಚ್ಚಿದೆ ಎಂದು ಅರ್ಥ. ಮುಚ್ಚಳ ಶುಚಿ ಮಾಡಿ, ಬಿಗಿಯಾಗಿ ಹಾಕಿ. ಸಡಿಲ ಬಿಟ್ಟು ಕೆಲಸ ಮಾಡಬೇಡಿ. ಪೆಟ್ರೋಲ್ ಚೆಲ್ಲುತ್ತದೆ.

ಹಳೇ ಪೆಟ್ರೋಲ್

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಕಬ್ಬು, ಮೆಕ್ಕೆಜೋಳದಂಥ ಬೆಳೆಯಿಂದ ಎಥನಾಲ್ ಮಾಡುತ್ತಾರೆ. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳ ಪೆಟ್ರೋಲಿನಲ್ಲಿ 100ಕ್ಕೆ ಸುಮಾರು 20 ಭಾಗ ಎಥನಾಲ್ ಇತ್ತು. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತುಂಬಾ ದಿನ ಇಟ್ಟರೆ ಟ್ಯಾಂಕಿನ ತಳದಲ್ಲಿ ನೀರು ಸೇರಬಹುದು. ಹಳೇ ಪೆಟ್ರೋಲ್ ಅಂಟಿನಂತೆಯೂ ಆಗುತ್ತದೆ. ತಿಂಗಳಿಗಿಂತ ಹಳೆಯದಾದರೆ ತೆಗೆದು, ಹೊಸದು ಹಾಕಿ. ತೆಗೆದದ್ದನ್ನು ಚರಂಡಿಗೆ ಸುರಿಯಬೇಡಿ.

ಹೆಗಲಿಗೆ ಹಾಕುವ ಮಿಷನ್ ಬಹಳ ಕಡೆ ಇದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು. ಮಿಷನ್ ಜೊತೆ ಕೊಟ್ಟ ಪುಸ್ತಕದಲ್ಲಿ ಲೆಕ್ಕ ಇರುತ್ತದೆ. 25:1 ಎಂದು ಇದ್ದರೆ 1 ಲೀಟರ್ ಪೆಟ್ರೋಲಿಗೆ 40 ಮಿಲಿ ಲೀಟರ್ ಆಯಿಲ್. 50:1 ಎಂದು ಇದ್ದರೆ 20 ಮಿಲಿ ಲೀಟರ್. ಸಾರಿಗೆ ಉಪ್ಪು ಹಾಕಿದ ಹಾಗೆ ಅಂದಾಜಿಗೆ ಹಾಕಬಾರದು. ಆಯಿಲ್ ಕಡಿಮೆಯಾದರೆ ಎಂಜಿನ್ ಒಳಗೆ ಉಜ್ಜಿ ಹಾಳಾಗುತ್ತದೆ. ಜಾಸ್ತಿಯಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ.

ಗಾಳಿಯ ಜರಡಿ

ಎಂಜಿನ್ ಪಕ್ಕದ ಡಬ್ಬಿಯಲ್ಲಿ ಫಿಲ್ಟರ್ ಇರುತ್ತದೆ. ಅದು ಗಾಳಿಯನ್ನು ಜರಡಿ ಹಿಡಿಯುತ್ತದೆ. ದೂಳು, ಹುಲ್ಲಿನ ಪುಡಿ ತುಂಬಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಕಪ್ಪು ಹೊಗೆ ಬರುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಸೋಪಿನ ನೀರಿನಲ್ಲಿ ತೊಳೆದು, ಹಿಂಡಿ, ನೆರಳಲ್ಲಿ ಒಣಗಿಸಿ. ಕಾಗದದ ಫಿಲ್ಟರ್ ಆದರೆ ನೀರು ಸೋಕಿಸಬೇಡಿ. ಮೆಲ್ಲಗೆ ತಟ್ಟಿ ದೂಳು ಉದುರಿಸಿ. ತುಂಬಾ ಕಪ್ಪಾಗಿದ್ದರೆ ಹೊಸದು ಹಾಕಿ. ಫಿಲ್ಟರ್ ತೆಗೆದು ಹಾಗೇ ಓಡಿಸಬೇಡಿ. ದೂಳು ಒಳಗೆ ಹೋಗಿ ಎಂಜಿನ್ ಸವೆಯುತ್ತದೆ.

ಪ್ಲಗ್ಗಿನ ಬಣ್ಣ

ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಕಂದು ಬಣ್ಣ ಇದ್ದರೆ ಒಳ್ಳೆಯದು. ಒಣ ಮಸಿ ಇದ್ದರೆ ಗಾಳಿ ಕಡಿಮೆ ಅಥವಾ ಪೆಟ್ರೋಲ್ ಜಾಸ್ತಿ. ಒದ್ದೆ ಇದ್ದರೆ ಪೆಟ್ರೋಲ್ ಒಳಗೆ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ಒರೆಸಿ, ಬ್ರಷ್ಷಿನಿಂದ ಉಜ್ಜಿ, ಒಣಗಿಸಿ ಹಾಕಿ. ತುದಿ ಸವೆದಿದ್ದರೆ ಅದೇ ನಂಬರಿನ ಹೊಸ ಪ್ಲಗ್ ತನ್ನಿ. ನಂಬರ್ ಪ್ಲಗ್ಗಿನ ಮೇಲೇ ಇರುತ್ತದೆ.

ಚೋಕ್ ಏನು ಹೇಳುತ್ತೆ?

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಲು ಚೋಕ್ ಹಾಕುತ್ತೇವೆ. ಆಗ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ಚೋಕ್ ತೆಗೆಯಬೇಕು. ಮರೆತರೆ ಎಂಜಿನ್ ಕಟ್ಟಿಕೊಂಡು ನಿಲ್ಲುತ್ತದೆ. ಇನ್ನೊಂದು ಗುಟ್ಟು ಇದೆ. ಬಿಸಿಯಾದ ಮೇಲೂ ಚೋಕ್ ಹಾಕಿದರೆ ಮಾತ್ರ ಓಡುತ್ತದೆಯೇ? ತೆಗೆದ ಕೂಡಲೇ ನಿಲ್ಲುತ್ತದೆಯೇ? ಹಾಗಾದರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಕಾರ್ಬ್ಯುರೇಟರಿನ ಸಣ್ಣ ತೂತಿನಲ್ಲಿ ಕಸ ಕಟ್ಟಿರಬಹುದು.

ಸೀಮೆಎಣ್ಣೆಯ ಪಂಪ್ ಸ್ಟವ್ ನೆನಪಿದೆಯಾ? ಉರಿ ಕಡಿಮೆಯಾದರೆ ಪಿನ್ ಹಾಕುತ್ತಿದ್ದೆವು. ಇಲ್ಲಿ ಪಿನ್ ಹಾಕಬೇಡಿ. ತೂತು ಚೂರು ದೊಡ್ಡದಾದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಈ ಕೆಲಸ ಮೆಕ್ಯಾನಿಕ್ಕಿಗೇ ಬಿಡಿ.

ಇನ್ನೂ ಎರಡು ಮಾತು

ಬ್ಲೇಡಿಗೆ ಒದ್ದೆ ಹುಲ್ಲು ಸುತ್ತಿಕೊಂಡರೂ ಎಂಜಿನ್ ನಿಲ್ಲುತ್ತದೆ. ಉದ್ದ ಹುಲ್ಲನ್ನು ಒಂದೇ ಸಲ ಬುಡಕ್ಕೆ ಕತ್ತರಿಸಬೇಡಿ. ಮೊದಲು ಮೇಲೆ, ಆಮೇಲೆ ಕೆಳಗೆ. ತಳ್ಳುವ ಮಿಷನ್ನಿನ ಆಯಿಲ್ ಕಡ್ಡಿ ತೆಗೆದು ಮಟ್ಟ ನೋಡಿ. ಆಯಿಲ್ ಕಡಿಮೆಯಾದರೆ ತಾನೇ ನಿಲ್ಲುವ ಎಂಜಿನ್ನುಗಳೂ ಇವೆ.

ಬರೆದಿಡೋಣ

ನಾವು ಈಗ ಒಂದು ನೋಟ್ ಪುಸ್ತಕ ಇಟ್ಟಿದ್ದೇವೆ. ಪೆಟ್ರೋಲ್ ತಂದ ದಿನ ಬರೆಯುತ್ತೇವೆ. ಫಿಲ್ಟರ್ ತೊಳೆದ ದಿನ ಬರೆಯುತ್ತೇವೆ. ಮಿಷನ್ ನಿಂತರೆ ಎಷ್ಟು ನಿಮಿಷಕ್ಕೆ ನಿಂತಿತು, ನಾವು ಏನೇನು ನೋಡಿದೆವು, ಅದನ್ನೂ ಬರೆಯುತ್ತೇವೆ. ಮೆಕ್ಯಾನಿಕ್ ಹತ್ತಿರ ಹೋಗಲೇಬೇಕಾದರೆ ಪುಸ್ತಕ ತೋರಿಸುತ್ತೇವೆ. "ಮುಚ್ಚಳ ನೋಡಿದ್ದೇವೆ, ಪ್ಲಗ್ ಹೊಸದು, ಚೋಕ್ ಹಾಕಿದರೆ ಮಾತ್ರ ಓಡುತ್ತೆ" ಅಂತ ಹೇಳುತ್ತೇವೆ. ಅವರಿಗೂ ಕೆಲಸ ಸುಲಭ. ನಮಗೂ ಬೇಡದ ಖರ್ಚು ಬೀಳುವುದಿಲ್ಲ.

ಜಿ.ಕೆ.ವಿ.ಕೆ. ನಮಗೆ ಹತ್ತಿರ. ಕೃಷಿ ವಿಶ್ವವಿದ್ಯಾಲಯದವರು ಅಲ್ಲಿ ಕೃಷಿ ಮೇಳ ನಡೆಸುತ್ತಾರೆ. ಮೇಳದಲ್ಲಿ ಇಂಥ ಯಂತ್ರಗಳನ್ನು ಇಟ್ಟಿರುತ್ತಾರೆ. ಹೋಗಿ ನೋಡಿ. ನಾಚಿಕೆ ಪಡದೆ ಕೇಳಿ.

ಮೊದಲು ಡಬ್ಬದ ಮೇಲಿನ ಅಂಕಿ ನಮಗೆ ಬರೀ ಗೀಟು. ಈಗ 40 ಎಂದರೆ 40. ಓದು ಬಂದ ಮೇಲೆ ಮಿಷನ್ನಿನ ಭಯವೂ ಹೋಯಿತು.

ಮಾತಾಡೋಣ

1. ಎಂಜಿನ್ ಓಡಲು ಬೇಕಾದ ಮೂರು ಯಾವುವು?
2. ಟ್ಯಾಂಕಿನ ಮುಚ್ಚಳದಲ್ಲಿ ತೂತು ಯಾಕೆ ಇರಬೇಕು?
3. 50:1 ಎಂದು ಇದ್ದರೆ 2 ಲೀಟರ್ ಪೆಟ್ರೋಲಿಗೆ ಎಷ್ಟು ಆಯಿಲ್ ಬೇಕು? ಲೆಕ್ಕ ಮಾಡಿ ಬರೆಯಿರಿ.