ಸೀಸದ ಸೈನಿಕನ ಕೊರಳಪಟ್ಟಿಗೆ ಯಾವ ಬಣ್ಣ?

ನೂರು ವರ್ಷ ಹಳೆಯದಾದ ಸೀಸದ ಗೊಂಬೆ ಸೈನಿಕನೊಬ್ಬ ಸಂಗ್ರಾಹಕರೊಬ್ಬರ ಕೈಸೇರಿದ್ದಾನೆ ಎಂದಿಟ್ಟುಕೊಳ್ಳೋಣ. ಎತ್ತರ ಐದೂವರೆ ಸೆಂಟಿಮೀಟರಿಗಿಂತ ತುಸು ಕಡಿಮೆ. ಕೆಂಪು ಕೋಟು, ಕರಿ ಟೋಪಿ, ಹೆಗಲ ಮೇಲೊಂದು ಬಂದೂಕು. ಪೆಟ್ಟಿಗೆಯ ಮೇಲೆ ಅವನ ರೆಜಿಮೆಂಟಿನ ಹೆಸರೂ ಅಚ್ಚಾಗಿದೆ. ಆದರೆ ಆ ರೆಜಿಮೆಂಟಿನವರ ಕೊರಳಪಟ್ಟಿ ಹಳದಿಯಾಗಿರಬೇಕಿತ್ತು. ಗೊಂಬೆಗೆ ಬಳಿದಿರುವುದು ನೀಲಿ. ಈಗ ಸಂಗ್ರಾಹಕರು ಮಾಡಬೇಕಾದದ್ದೇನು? ಕುಂಚ ಹಿಡಿದು ತಪ್ಪನ್ನು ತಿದ್ದಬೇಕೆ ಅಥವಾ ಇದ್ದುದನ್ನು ಇದ್ದಂತೆಯೇ ಕಪಾಟಿನಲ್ಲಿ ಇಡಬೇಕೆ?

ಹೊರಗಿನವರಿಗೆ ಇದು ನಗೆ ತರಿಸುವ ಪ್ರಶ್ನೆ. ಆದರೆ ಯುರೋಪು, ಅಮೆರಿಕಗಳಲ್ಲಿ ದೊಡ್ಡ ಹವ್ಯಾಸವಾಗಿ ಬೆಳೆದಿರುವ ಗೊಂಬೆ ಸೈನಿಕರ ಸಂಗ್ರಹದಲ್ಲಿ ಹವ್ಯಾಸಿಗಳನ್ನು ಎರಡು ಪಂಗಡಗಳಾಗಿ ಒಡೆದಿರುವುದು ಇದೇ ಪ್ರಶ್ನೆ. ಸಮವಸ್ತ್ರದ ಗುಂಡಿಯಿಂದ ಹಿಡಿದು ಕುದುರೆಯ ಜೀನಿನವರೆಗೆ ಎಲ್ಲವೂ ಇತಿಹಾಸಕ್ಕೆ ಸರಿಹೊಂದಬೇಕು ಎನ್ನುವವರು ಒಂದು ಕಡೆ. ಕಣ್ಣಿಗೆ ಹಿತವಾಗಿ, ಬಾಲ್ಯದ ನೆನಪನ್ನು ತಂದರೆ ಸಾಕು, ಇದು ತನ್ನ ಕಪಾಟು, ತನ್ನ ಹಣ ಎನ್ನುವವರು ಇನ್ನೊಂದು ಕಡೆ. ಇಬ್ಬರ ವಾದದಲ್ಲಿಯೂ ಹುರುಳಿದೆ. ಯಾರ ಮಾತು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ತಿಳಿಯಬೇಕಾದರೆ ಈ ಗೊಂಬೆಗಳು ಹುಟ್ಟಿದ ಬಗೆಯನ್ನು ನೋಡಬೇಕು.

ಮಾರುಕಟ್ಟೆಗೆ ಬಂದ ಸೇನೆ

ಗೊಂಬೆ ಸೈನಿಕರ ವ್ಯಾಪಾರ ಬೇರೂರಿದ್ದು ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ. 1770ರ ದಶಕದಲ್ಲಿ ಅಲ್ಲಿನ ತವರದ ಕೆಲಸಗಾರ ಯೋಹಾನ್ ಗಾಟ್‌ಫ್ರೀಡ್ ಹಿಲ್ಪರ್ಟ್, ಪ್ರಷ್ಯದ ದೊರೆ ಫ್ರೆಡರಿಕ್ ಮತ್ತು ಅವನ ಸೈನಿಕರ ಚಪ್ಪಟೆ ಗೊಂಬೆಗಳನ್ನು ಎರಕ ಹೊಯ್ದು ಹೆಸರಾದ. ಕಾಗದದಂತೆ ತೆಳ್ಳಗಿನ ಈ ಗೊಂಬೆಗಳ ಪರಂಪರೆ ಇಂದಿಗೂ ನಿಂತಿಲ್ಲ. ಬವೇರಿಯದ ಕುಲ್ಮ್‌ಬಾಕ್ ಪಟ್ಟಣದ ಪ್ಲಾಸೆನ್‌ಬರ್ಗ್ ಕೋಟೆಯಲ್ಲಿ ತವರದ ಗೊಂಬೆಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದ್ದು, ಸುಮಾರು 3 ಲಕ್ಷ ಗೊಂಬೆಗಳು ಅಲ್ಲಿವೆ.

ಈ ವ್ಯಾಪಾರದ ದಿಕ್ಕು ಬದಲಾದದ್ದು 1893ರಲ್ಲಿ. ಲಂಡನ್ನಿನ ಆಟಿಕೆ ತಯಾರಕರ ಕುಟುಂಬಕ್ಕೆ ಸೇರಿದ ವಿಲಿಯಂ ಬ್ರಿಟನ್ ಜೂನಿಯರ್ ಟೊಳ್ಳು ಎರಕದ ವಿಧಾನವನ್ನು ಬಳಕೆಗೆ ತಂದ. ಅಚ್ಚಿಗೆ ಕಾದ ಸೀಸದ ಮಿಶ್ರಲೋಹವನ್ನು ಸುರಿದರೆ ಅಚ್ಚಿನ ಗೋಡೆಗೆ ತಾಗಿದ ಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಇನ್ನೂ ದ್ರವವಾಗಿರುವಾಗಲೇ ಅಚ್ಚನ್ನು ಬೋರಲು ಹಾಕಿದರೆ ಅದು ಹೊರಗೆ ಹರಿದುಹೋಗಿ, ಟೊಳ್ಳಾದ ಗೊಂಬೆ ಉಳಿಯುತ್ತದೆ. ಲೋಹ ಉಳಿತಾಯ, ತೂಕ ಕಡಿಮೆ, ಬೆಲೆಯೂ ಕಡಿಮೆ. ಅದುವರೆಗೆ ಇಂಗ್ಲೆಂಡಿನ ಅಂಗಡಿಗಳನ್ನು ಆಳುತ್ತಿದ್ದ ಜರ್ಮನಿಯ ಗಟ್ಟಿ ಗೊಂಬೆಗಳಿಗೆ ದೊಡ್ಡ ಪೈಪೋಟಿ ಎದುರಾಯಿತು. ಬ್ರಿಟನ್ಸ್ ಸಂಸ್ಥೆಯ ಗೊಂಬೆಯ ಎತ್ತರವಾದ 54 ಮಿಲಿಮೀಟರು ಈ ಹವ್ಯಾಸದ ಸಾಮಾನ್ಯ ಅಳತೆಯಾಗಿ ನೆಲೆನಿಂತಿತು.

ಬ್ರಿಟನ್ಸ್ ತನ್ನ ಗೊಂಬೆಗಳಿಗೆ ನಿಜವಾದ ರೆಜಿಮೆಂಟುಗಳ ಹೆಸರಿಟ್ಟು, ಕೆಂಪು ಪೆಟ್ಟಿಗೆಯಲ್ಲಿ ಜೋಡಿಸಿ ಮಾರಿತು. ಆದರೆ ಪ್ರತಿ ರೆಜಿಮೆಂಟಿಗೂ ಹೊಸ ಅಚ್ಚು ಕೆತ್ತಿಸುವುದು ದುಬಾರಿ. ಹೀಗಾಗಿ ಒಂದೇ ಅಚ್ಚಿನ ದೇಹಕ್ಕೆ ಬೇರೆ ಬೇರೆ ಬಣ್ಣ ಬಳಿದು, ಕೆಲವೊಮ್ಮೆ ತಲೆಯನ್ನಷ್ಟೇ ಬದಲಿಸಿ ಹಲವು ರೆಜಿಮೆಂಟುಗಳನ್ನು ಹೊರತರುವುದು ವಾಡಿಕೆಯಾಯಿತು. ಹೊಳೆಯುವ ಎನಾಮೆಲ್ ಬಣ್ಣ, ಕಣ್ಣಿಗೆರಡು ಚುಕ್ಕೆ, ಒಂದು ಗೆರೆಯ ಮೀಸೆ, ಗುಲಾಬಿ ಕೆನ್ನೆ. ಇಷ್ಟಕ್ಕೆ ಸೈನಿಕ ಸಿದ್ಧ. ಇಂದಿನ ನಿಖರತೆಯ ಪಂಗಡದವರು ಪಟ್ಟಿ ಮಾಡುವ ಅನೇಕ ತಪ್ಪುಗಳ ಮೂಲ ಅಜ್ಞಾನಕ್ಕಿಂತ ಹೆಚ್ಚಾಗಿ ಈ ಲೆಕ್ಕಾಚಾರ.

1959ರಿಂದ ಏರ್‌ಫಿಕ್ಸ್‌ನ ಅಗ್ಗದ ಪ್ಲಾಸ್ಟಿಕ್ ಸೈನಿಕರು ಬಂದರು. ಸೀಸದ ವಿಷದ ಬಗ್ಗೆ ಆತಂಕವೂ ಹೆಚ್ಚಿತು. 1966ರಲ್ಲಿ ಬ್ರಿಟನ್ಸ್ ಸೀಸದ ಸೈನಿಕರ ತಯಾರಿಕೆಯನ್ನು ಕೈಬಿಟ್ಟಿತು. ಮಕ್ಕಳ ಕೈಯಿಂದ ಜಾರಿದ ಲೋಹದ ಸೈನಿಕ ವಯಸ್ಕರ ಕಪಾಟನ್ನು ಸೇರಿದ. ವಯಸ್ಕರು ಗ್ರಂಥಾಲಯಕ್ಕೆ ಹೋಗಿ ಸಮವಸ್ತ್ರದ ಪುಸ್ತಕಗಳನ್ನು ತೆರೆದರು. ಹೊಳಪಿಲ್ಲದ ಬಣ್ಣ, ಬಟ್ಟೆಯ ಮಡಿಕೆಗೆ ನೆರಳು, ಬೂಟಿಗೆ ಕೆಸರು ಇರುವ ‘ಮಾದರಿ ಸೈನಿಕ’ ಎಂಬ ಬೇರೆಯೇ ಜಾತಿ ಬೆಳೆಯಿತು. ಈಗಿನ ಜಗಳ ಬಹುಮಟ್ಟಿಗೆ ಈ ಎರಡು ಜಾತಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಹುಟ್ಟುತ್ತದೆ.

ಡ್ಯೂಕ್‌ಗೆ ಹಿಡಿಸದ ರಣರಂಗ

ನಿಖರತೆಯ ಹಟ ಮಾತ್ರ ಇದಕ್ಕಿಂತ ಬಹಳ ಹಳೆಯದು. ಅದಕ್ಕೆ ತೆರಬೇಕಾದ ಬೆಲೆ ಎಷ್ಟು ದೊಡ್ಡದು ಎಂಬುದಕ್ಕೆ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿರುವ ವಾಟರ್ಲೂ ಯುದ್ಧದ ಮಾದರಿಯೇ ಸಾಕ್ಷಿ.

1815ರ ಆ ಯುದ್ಧದ ಮಾದರಿಯನ್ನು ಸಿದ್ಧಪಡಿಸುವ ಹೊಣೆ 1830ರಲ್ಲಿ ವಿಲಿಯಂ ಸೈಬೋರ್ನ್ ಎಂಬ ಸೇನಾಧಿಕಾರಿಗೆ ಬಿತ್ತು. ಆತ ರಣರಂಗದಲ್ಲಿಯೇ ತಿಂಗಳುಗಟ್ಟಲೆ ಬಿಡಾರ ಹೂಡಿ ನೆಲವನ್ನು ಅಳೆದ. ಯುದ್ಧದ ನಿರ್ಣಾಯಕ ಘಳಿಗೆಯಾದ ಸಂಜೆ ಸುಮಾರು 7 ಗಂಟೆಗೆ ನಿಮ್ಮ ದಳ ಎಲ್ಲಿತ್ತು, ಎದುರಿಗೆ ಯಾರಿದ್ದರು, ಹೊಲದಲ್ಲಿ ಯಾವ ಬೆಳೆಯಿತ್ತು ಎಂದು ಬದುಕುಳಿದಿದ್ದ ಅಧಿಕಾರಿಗಳಿಗೆ ಪತ್ರ ಬರೆದು ಕೇಳಿದ. ಬಂದ ಉತ್ತರಗಳು ಇಂದಿಗೂ ಇತಿಹಾಸಕಾರರಿಗೆ ಮುಖ್ಯ ಆಕರ. ಸುಮಾರು 400 ಚದರ ಅಡಿಯ ಮಾದರಿಯ ಮೇಲೆ ಸುಮಾರು 75 ಸಾವಿರ ಪುಟ್ಟ ಲೋಹದ ಸೈನಿಕರು ನಿಂತರು. 1838ರಲ್ಲಿ ಲಂಡನ್ನಿನಲ್ಲಿ ಅದು ಪ್ರದರ್ಶನಗೊಂಡಾಗ ಜನ ಮುಗಿಬಿದ್ದು ನೋಡಿದರು.

ತೊಡಕು ಬಂದದ್ದು ಪ್ರಷ್ಯನ್ನರ ವಿಷಯದಲ್ಲಿ. ತನಗೆ ದೊರೆತ ಸಾಕ್ಷ್ಯದಂತೆ ಸೈಬೋರ್ನ್ ಆ ಘಳಿಗೆಯಲ್ಲಿ ಪ್ರಷ್ಯದ ದೊಡ್ಡ ಸೇನೆಯನ್ನು ರಣರಂಗದೊಳಕ್ಕೆ ಬಹಳ ಮುಂದೆ ನಿಲ್ಲಿಸಿದ್ದ. ಹಾಗೆ ನಿಲ್ಲಿಸಿದರೆ ಗೆಲುವಿನಲ್ಲಿ ಅವರ ಪಾಲು ಎಷ್ಟು ದೊಡ್ಡದೆಂಬುದು ನೋಡಿದವರಿಗೆಲ್ಲ ತಿಳಿಯುತ್ತದೆ. ಬ್ರಿಟನ್ನಿನ ವೀರನಾಯಕ ವೆಲಿಂಗ್ಟನ್ ಡ್ಯೂಕ್‌ಗೆ ಇದು ಹಿಡಿಸಲಿಲ್ಲ. ಸರ್ಕಾರದ ಹಣವಂತೂ 1833ರಲ್ಲಿಯೇ ನಿಂತುಹೋಗಿತ್ತು. ಸಾಲದಲ್ಲಿ ಮುಳುಗಿದ ಸೈಬೋರ್ನ್ ಕೊನೆಗೆ ಪ್ರಷ್ಯದ ಗೊಂಬೆಗಳಲ್ಲಿ ಬಹಳಷ್ಟನ್ನು ಮಾದರಿಯಿಂದ ತೆಗೆದ. 1849ರಲ್ಲಿ ತೀರಿಕೊಂಡಾಗಲೂ ಹಾಕಿದ ಹಣ ಅವನಿಗೆ ಹಿಂದಿರುಗಿರಲಿಲ್ಲ.

ಬೆರಳ ತುದಿಯಷ್ಟು ಎತ್ತರವಿಲ್ಲದ ಗೊಂಬೆಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಒಂದು ದೇಶದ ಕೀರ್ತಿಯ ಪ್ರಶ್ನೆಯಾಯಿತು. ನಿಖರತೆ ಬೇಕೆನ್ನುವವರನ್ನು ಗುಂಡಿ ಎಣಿಸುವವರು ಎಂದು ಗೇಲಿ ಮಾಡುವ ಮೊದಲು ಈ ಪ್ರಸಂಗವನ್ನು ನೆನೆಯಬೇಕು.

ಹೈಫಾದ ಧೂಳಿನ ಬಣ್ಣ

ಕರ್ನಾಟಕದ ಓದುಗರಿಗೆ ಈ ಪ್ರಶ್ನೆ ಹತ್ತಿರವಾಗುವುದು ಮೈಸೂರಿನ ಸೈನಿಕರು ಗೊಂಬೆಗಳಾದಾಗ.

ಮೈಸೂರು ಲ್ಯಾನ್ಸರ್ಸ್ ಅಶ್ವದಳ 1914ರಲ್ಲಿ ಈಜಿಪ್ಟಿಗೆ ತೆರಳಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಡನೆ ಹೈಫಾ ನಗರವನ್ನು ವಶಪಡಿಸಿಕೊಳ್ಳುವ ಕಾರ್ಯಾಚರಣೆಯಲ್ಲಿ ಪಾಲ್ಗೊಂಡಿತು. ಕಾರ್ಮೆಲ್ ಬೆಟ್ಟದ ಮೇಲಿದ್ದ ತೋಪು ಹಾಗೂ ಮೆಷಿನ್ ಗನ್ನುಗಳನ್ನು ಎದುರಿಸಿದ ಆ ಸವಾರರು ತೊಟ್ಟಿದ್ದುದು ಖಾಕಿ. ಆ ಪದದ ಅರ್ಥವೇ ಧೂಳಿನ ಬಣ್ಣದ್ದು ಎಂದು. ಅಶ್ವದಳದ ಗೊಂಬೆಗಳನ್ನು ಬಯಸುವವರಿಗೆ ಇಷ್ಟವಾಗುವುದೋ ಪಥಸಂಚಲನದ ವರ್ಣರಂಜಿತ ಪೇಟ, ನಡುಪಟ್ಟಿ, ಭರ್ಜಿಯ ತುದಿಯ ಬಾವುಟ. ಬ್ರಿಟನ್ಸ್ ಸಂಸ್ಥೆ ಮಾರಿದ ಭಾರತೀಯ ಅಶ್ವದಳಗಳೂ ಬಹುತೇಕ ಮೆರವಣಿಗೆಯ ಉಡುಪಿನವೇ. ಅಂಥ ಒಂದು ಸಾಲನ್ನು ಅರಮನೆಯ ಮೆರವಣಿಗೆ ಎಂದು ಜೋಡಿಸಿದರೆ ತಕರಾರಿಲ್ಲ. ಅದನ್ನೇ ಹೈಫಾದ ಕಾಳಗ ಎಂದು ಕರೆದರೆ ಅದು ಸುಳ್ಳು. ಬಂದೂಕಿನ ಗುಂಡಿಗೆ ಎದುರಾದವರ ದಿನವನ್ನು ಅದು ಹಬ್ಬವನ್ನಾಗಿ ಮಾಡಿಬಿಡುತ್ತದೆ. ಆ ಯುದ್ಧದಲ್ಲಿ ಮಡಿದ ಲ್ಯಾನ್ಸರ್ಸ್ ಸೈನಿಕರಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ. ಗೊಂಬೆ ಯಾರದ್ದೋ ಸ್ವಂತ ಆಸ್ತಿಯಾಗಿರಬಹುದು, ಅದು ಹೊತ್ತಿರುವ ಹೆಸರು ಹಾಗಲ್ಲ.

ಟಿಪ್ಪು ಸುಲ್ತಾನನ ಸೈನಿಕರ ವಿಷಯದಲ್ಲಿ ಕಷ್ಟ ಇನ್ನೂ ಬೇರೆ. ಮೈಸೂರು ಯುದ್ಧಗಳ ಗೊಂಬೆಗಳನ್ನು ಇಂದು ಹಲವು ತಯಾರಕರು ಹೊರತರುತ್ತಾರೆ. ಹುಲಿಪಟ್ಟೆಯ ವಿನ್ಯಾಸದ ಅಂಗಿ ಅವುಗಳ ಗುರುತು. ಇದಕ್ಕೆ ಆಧಾರವಿದೆ. ಕಾರ್ನ್‌ವಾಲಿಸನ ಸೇನೆಯೊಡನೆ 1791-92ರಲ್ಲಿ ಮೈಸೂರು ಸೀಮೆಗೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಟಿಪ್ಪುವಿನ ಕಾಲಾಳುವಿನ ಚಿತ್ರ ಬರೆದಿದ್ದಾನೆ. ಇದಕ್ಕೆ ಪ್ರತಿಯಾಗಿ, 1799ರ ಶ್ರೀರಂಗಪಟ್ಟಣದ ಪತನವನ್ನು ಮರುವರ್ಷವೇ ಬೃಹತ್ ಪರದೆಯ ಮೇಲೆ ಚಿತ್ರಿಸಿ ಲಂಡನ್ನನ್ನು ಬೆರಗುಗೊಳಿಸಿದ ರಾಬರ್ಟ್ ಕೆರ್ ಪೋರ್ಟರ್ ಭಾರತವನ್ನು ಕಂಡವನೇ ಅಲ್ಲ. ಎರಡೂ ಆ ಕಾಲದ ಚಿತ್ರಗಳೇ. ಎರಡರ ತೂಕ ಒಂದೇ ಅಲ್ಲ. ಚಿತ್ರದಲ್ಲಿದೆ ಎಂದ ಮಾತ್ರಕ್ಕೆ ನಿಖರ ಎನ್ನಲಾಗದು. ಬರೆದವನು ಎಲ್ಲಿ ನಿಂತು ಬರೆದ ಎಂದು ಕೇಳಬೇಕಾಗುತ್ತದೆ.

ಅಭಿರುಚಿಗೂ ಹಿನ್ನೆಲೆಯಿದೆ

ಹಾಗಾದರೆ ಸ್ವಂತ ಅಭಿರುಚಿಗೆ ಜಾಗವಿಲ್ಲವೆ? ಖಂಡಿತ ಇದೆ. ಯಾವ ಕಾಲ, ಯಾವ ದೇಶ, ಹೊಳಪೋ ಮಂಕೋ, ಚಪ್ಪಟೆಯೋ ದುಂಡೋ ಎಂಬುದೆಲ್ಲ ಸಂಗ್ರಾಹಕರ ಆಯ್ಕೆ. ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಗೊಂಬೆ ಸೈನಿಕರ ಕಾಳಗಕ್ಕೆ ನಿಯಮಗಳನ್ನು ರೂಪಿಸಿದ. ಆಟಿಕೆಯ ತೋಪಿನಿಂದ ಹಾರಿದ ಮರದ ಚೂರು ಯಾರನ್ನು ಬೀಳಿಸಿತು ಎಂಬುದು ಅಲ್ಲಿ ಮುಖ್ಯ. ಕೋಟಿನ ಗುಂಡಿ ಎಷ್ಟು ಎಂಬುದಲ್ಲ. ಆಟಕ್ಕೆ ಆಟದ್ದೇ ನ್ಯಾಯ.

ಆದರೆ ಅಭಿರುಚಿ ಆಕಾಶದಿಂದ ಉದುರುವುದಿಲ್ಲ. ವಿನ್‌ಸ್ಟನ್ ಚರ್ಚಿಲ್ ಬಾಲ್ಯದಲ್ಲಿ ಸುಮಾರು 1500 ಗೊಂಬೆ ಸೈನಿಕರನ್ನು ಹೊಂದಿದ್ದ. ಅವೆಲ್ಲವೂ ಬ್ರಿಟಿಷ್ ಸೇನೆ. ಎದುರಾಳಿಯಾದ ತಮ್ಮ ಜ್ಯಾಕ್‌ನಿಗೆ ದೊರೆತದ್ದು ಬಿಳಿಯರಲ್ಲದ ಸೈನಿಕರು ಮಾತ್ರ, ಅವರಿಗೆ ತೋಪು ಇರಕೂಡದು ಎಂಬ ಷರತ್ತು ಬೇರೆ. 1930ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಚರ್ಚಿಲ್ ತಾನೇ ಇದನ್ನು ಹೇಳಿಕೊಂಡಿದ್ದಾನೆ. ಮಕ್ಕಳ ಕೋಣೆಯ ಈ ಏರ್ಪಾಡಿನಲ್ಲಿ ಒಂದು ಸಾಮ್ರಾಜ್ಯದ ನೋಟವೇ ಅಡಗಿದೆ. ನನಗಿದು ಇಷ್ಟ ಎನ್ನುವ ಮಾತಿನ ಹಿಂದೆ, ಇಷ್ಟಪಡುವುದನ್ನು ಯಾರು ಕಲಿಸಿದರು ಎಂಬ ಪ್ರಶ್ನೆಯೂ ಇರುತ್ತದೆ.

ತಪ್ಪೂ ಒಂದು ದಾಖಲೆ

ಮತ್ತೆ ನೀಲಿ ಕೊರಳಪಟ್ಟಿಯ ಸೈನಿಕನ ಬಳಿಗೆ ಬರೋಣ. ನಿಖರತೆಯ ಹೆಸರಿನಲ್ಲಿ ಅವನಿಗೆ ಹಳದಿ ಬಳಿದರೆ ನಿಖರತೆಗೇ ಏಟು ಬೀಳುತ್ತದೆ. ಏಕೆಂದರೆ ಆ ಗೊಂಬೆ ರೆಜಿಮೆಂಟಿನ ಚಿತ್ರವಷ್ಟೇ ಅಲ್ಲ, ತಾನೂ ಇತಿಹಾಸದ ಒಂದು ವಸ್ತು. ಯಾವ ಅಚ್ಚನ್ನು ಮತ್ತೆ ಬಳಸಿದರು, ಕಾರ್ಖಾನೆಯಲ್ಲಿ ದಿನವಿಡೀ ಕೂತು ಬಣ್ಣ ಹಚ್ಚಿದವರು ಎಷ್ಟು ಬೇಗ ಕುಂಚ ಆಡಿಸಿದರು, ಅಂದಿನ ಮಗುವಿಗೆ ಸೇನೆ ಹೇಗೆ ಕಾಣಬೇಕೆಂದು ಅಂಗಡಿ ಬಯಸಿತು ಎಂಬುದೆಲ್ಲ ಆ ತಪ್ಪು ಬಣ್ಣದಲ್ಲಿ ದಾಖಲಾಗಿದೆ. ಮೂಲ ಬಣ್ಣ ಉಳಿದಿರುವ ಗೊಂಬೆಗೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ದೊರೆಯುವುದಕ್ಕೂ ಇದೇ ಕಾರಣ.

ಉಳಿಸಿಕೊಳ್ಳಬೇಕೆಂದರೆ ಕಾಳಜಿಯೂ ಬೇಕು. ತೇವ ಹಾಗೂ ಓಕ್‌ನಂಥ ಮರ ಹೊರಸೂಸುವ ಆಮ್ಲದ ಆವಿಯಿಂದ ಹಳೆಯ ಸೀಸ ಬಿಳಿ ಪುಡಿಯಾಗಿ ಸವೆಯುತ್ತದೆ. ಆ ಪುಡಿ ವಿಷಕಾರಿ. ಮುಟ್ಟಿದ ಮೇಲೆ ಕೈ ತೊಳೆಯಬೇಕು, ಗೊಂಬೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಒಟ್ಟಿನಲ್ಲಿ ಕೊಳ್ಳುವಾಗ ಅಭಿರುಚಿಯ ಮಾತು ನಡೆಯಲಿ. ಹೆಸರಿಡುವಾಗ ಇತಿಹಾಸದ ಮಾತು ನಡೆಯಲಿ. ಹಳೆಯ ಗೊಂಬೆಯನ್ನು ತಿದ್ದುವ ಆಸೆ ಬಂದಾಗ ಕುಂಚ ಕೆಳಗಿರಲಿ. ಹೊಸದಾಗಿ ಎರಕ ಹೊಯ್ದದ್ದನ್ನು ಅಥವಾ ಮರುಬಣ್ಣ ಬಳಿದದ್ದನ್ನು ಹಾಗೆಂದು ಅಡಿಯಲ್ಲಿ ಗುರುತು ಮಾಡಿದರೆ ಮುಂದೆ ಕೊಳ್ಳುವವರು ಮೋಸಹೋಗುವುದಿಲ್ಲ.

ನೀಲಿ ಕೊರಳಪಟ್ಟಿಯವನು ನೀಲಿಯಲ್ಲಿಯೇ ನಿಲ್ಲಲಿ. ಅವನ ಪಕ್ಕದಲ್ಲಿ ಒಂದು ಪುಟ್ಟ ಚೀಟಿಯಿಟ್ಟು, ಈ ರೆಜಿಮೆಂಟಿನವರ ಕೊರಳಪಟ್ಟಿ ವಾಸ್ತವವಾಗಿ ಹಳದಿ ಎಂದು ಬರೆದರೆ ಗೊಂಬೆಗೂ ನ್ಯಾಯ ಸಲ್ಲುತ್ತದೆ, ಸೈನಿಕನಿಗೂ ಸಲ್ಲುತ್ತದೆ.