ಗುಲಾಮಗಿರಿಗೆ ಹುಡುಕಿದ ಕಾರಣಗಳು

1860ರಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಅವರ ಒಡೆಯರಲ್ಲಿ ದೈವಭಕ್ತರಿದ್ದರು, ವಕೀಲರಿದ್ದರು, ವೈದ್ಯರಿದ್ದರು. ಮನುಷ್ಯರನ್ನು ಕೊಂಡು ಮಾರುತ್ತಿದ್ದ ಈ ವಿದ್ಯಾವಂತರು ತಮ್ಮ ಮನಸ್ಸಾಕ್ಷಿಗೆ ಏನು ಉತ್ತರ ಹೇಳಿಕೊಂಡರು?

ಮೊದಲ ಉತ್ತರ ಧರ್ಮದ ಹೆಸರಿನಲ್ಲಿ ಬಂತು. ಪ್ರವಾದಿ ನೂಹ್ (ಅ) ಅವರನ್ನು ಬೈಬಲ್ ನೋಹ ಎನ್ನುತ್ತದೆ. ಬೈಬಲ್ ಪ್ರಕಾರ ನೋಹನ ಶಾಪ ತಗುಲಿದ್ದು ಹಾಮನ ಮಗ ಕಾನಾನನಿಗೆ. ಅಲ್ಲಿ ಮೈಬಣ್ಣದ ಮಾತೇ ಇಲ್ಲ. ಆದರೂ ಕಪ್ಪು ಜನರೆಲ್ಲ ಹಾಮನ ವಂಶದವರು, ಶಾಪಗ್ರಸ್ತರು ಎಂದು ಬೋಧಿಸಲಾಯಿತು. ಗುಲಾಮರು ಕ್ರೈಸ್ತರಾದರೆ ಬಿಡುಗಡೆ ಸಿಗುತ್ತಿತ್ತೇ? ಅದೂ ಇಲ್ಲ. ದೀಕ್ಷಾಸ್ನಾನದಿಂದ ಗುಲಾಮತನ ಹೋಗದು ಎಂದು ವರ್ಜೀನಿಯಾ 1667ರಲ್ಲೇ ಕಾನೂನು ಮಾಡಿತ್ತು.

ಎರಡನೆಯದು ತತ್ತ್ವಶಾಸ್ತ್ರ. ಕೆಲವರು ಹುಟ್ಟಿನಿಂದಲೇ ಗುಲಾಮರು ಎಂಬ ಅರಿಸ್ಟಾಟಲನ ವಾದ ಒಡೆಯರಿಗೆ ಒದಗಿಬಂತು. ಗುಲಾಮಗಿರಿ ಕೆಡುಕಲ್ಲ, ಒಳಿತೇ ಎಂದು ಸೆನೆಟರ್ ಜಾನ್ ಕ್ಯಾಲ್ಹೂನ್ 1837ರಲ್ಲಿ ವಾದಿಸಿದರು. ಮುಪ್ಪಿನಲ್ಲೂ ಅನ್ನ ಸಿಗುವ ಗುಲಾಮನು ಕಾರ್ಖಾನೆಯ ಕೂಲಿಗಿಂತ ಸುಖಿ ಎಂದು ಜಾರ್ಜ್ ಫಿಟ್ಸ್‌ಹ್ಯೂ ಬರೆದರು.

ಮೂರನೆಯದು ವಿಜ್ಞಾನದ ವೇಷ. ಗುಲಾಮರು ಓಡಿಹೋಗುವುದು ಒಂದು ಕಾಯಿಲೆ ಎಂದು ಡಾ. ಸ್ಯಾಮ್ಯುಯೆಲ್ ಕಾರ್ಟ್‌ರೈಟ್ 1851ರಲ್ಲಿ ಬರೆದು, ಅದಕ್ಕೆ 'ಡ್ರೇಪಟೋಮೇನಿಯಾ' ಎಂದು ಹೆಸರಿಟ್ಟರು. ಸೂಚಿಸಿದ ಮದ್ದುಗಳಲ್ಲಿ ಚಾಟಿಯೇಟೂ ಒಂದು.

ಕಪ್ಪು ಜನರಿಗೆ ವಿದ್ಯೆ ಹತ್ತದು ಎಂಬುದು ಗುಲಾಮಗಿರಿಯ ಹಲವು ಸಮರ್ಥಕರ ನಂಬಿಕೆ. ಹಾಗಿದ್ದರೆ ಅವರಿಗೆ ಅಕ್ಷರ ಕಲಿಸುವುದನ್ನು ದಕ್ಷಿಣದ ಹಲವು ರಾಜ್ಯಗಳು ಕಾನೂನಿನಿಂದ ತಡೆದದ್ದೇಕೆ? ಕಲಿಯಲಾರದವನಿಗೆ ನಿಷೇಧ ಬೇಕಿಲ್ಲವಲ್ಲ! ಇಂದಿನ ಸೆನೆಗಲ್ ಪ್ರದೇಶದ ಉಮರ್ ಇಬ್ನ್ ಸಯೀದ್ ವರ್ಷಗಟ್ಟಲೆ ಮದ್ರಸಗಳಲ್ಲಿ ಓದಿದ ವಿದ್ವಾಂಸ. 1807ರಲ್ಲಿ ಅವರನ್ನು ಹಿಡಿದು ಅಮೆರಿಕಕ್ಕೆ ಸಾಗಿಸಿದರು. ಗುಲಾಮರಾಗಿದ್ದಾಗಲೇ, 1831ರಲ್ಲಿ, ಅವರು ಅರಬಿಯಲ್ಲಿ ಆತ್ಮಕಥೆ ಬರೆದರು.

ಇದು ಅಮೆರಿಕದವರ ತಪ್ಪು ಮಾತ್ರ ಎಂದು ನಾವು ಸುಮ್ಮನಾಗುವಂತಿಲ್ಲ. ಮುಸ್ಲಿಮ್ ವ್ಯಾಪಾರಿಗಳೂ ಸಹಾರಾ ಮರುಭೂಮಿ ದಾಟಿಸಿ ಗುಲಾಮರನ್ನು ಮಾರಿದ್ದಾರೆ; ಹಾಮನ ಕಥೆ ಅಲ್ಲೂ ಚಲಾವಣೆಯಲ್ಲಿತ್ತು. ಮೈಬಣ್ಣ ಗುಲಾಮಗಿರಿಗೆ ಆಧಾರವಲ್ಲ ಎಂದು ಟಿಂಬಕ್ಟುವಿನ ವಿದ್ವಾಂಸ ಅಹ್ಮದ್ ಬಾಬಾ 1615ರಲ್ಲಿ ಬರೆದು ಆ ಕಥೆಯನ್ನು ತಳ್ಳಿಹಾಕಿದರು. ಆದರೆ ಯುದ್ಧದಲ್ಲಿ ಸೆರೆಸಿಕ್ಕ ಅನ್ಯಧರ್ಮೀಯರನ್ನು ಗುಲಾಮರಾಗಿಸುವುದನ್ನು ಅವರೂ ಒಪ್ಪಿದ್ದರು.

ಹತ್ತಿ, ಸಕ್ಕರೆ, ತಂಬಾಕಿನ ತೋಟಗಳಿಗೆ ಬಿಟ್ಟಿ ಆಳುಗಳು ಬೇಕಿದ್ದರು. ಕಾರಣಗಳನ್ನು ಆ ಲಾಭಕ್ಕೆ ತಕ್ಕಂತೆ ಹೊಂದಿಸಿಕೊಂಡರು. ಒಂದು ಜನವರ್ಗ ಹುಟ್ಟಿನಿಂದಲೇ ಕೀಳು ಎಂದು ಯಾರಾದರೂ ಹೇಳಿದಾಗ, ಆ ಮಾತಿನಿಂದ ಯಾರಿಗೆ ಲಾಭ ಎಂದು ಮೊದಲು ಕೇಳೋಣ.